ಕಾಫಿ ಉಗುರುಬೆಚ್ಚಗೆ, ಕಪ್ಪಿನ ಹಿಡಿ ಕೆಂಡ

ಪ್ರಶ್ನೆ: ಸರ್, ಆರಿದ ಕಾಫಿಯನ್ನು ಮೈಕ್ರೋವೇವ್‌ನಲ್ಲಿಟ್ಟು ಬಿಸಿ ಮಾಡಿಕೊಳ್ಳುವುದು ನಮ್ಮ ಮನೆಯ ರೂಢಿ. ಗಾಜಿನ ಲೋಟದಲ್ಲಿಟ್ಟರೆ ಚೆನ್ನಾಗಿ ಕಾಯುತ್ತದೆ. ಹಳೇ ಪಿಂಗಾಣಿ ಕಪ್‌ನಲ್ಲಿಟ್ಟರೆ ಮಾತ್ರ ಹಿಡಿ ಮುಟ್ಟೋಕಾಗಲ್ಲ, ಕಾಫಿ ಉಗುರುಬೆಚ್ಚಗೆ. ಓವನ್ ಕೆಟ್ಟಿದೆಯಾ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಲೋಟದ ಕಾಫಿ ಕಾಯುತ್ತಿದೆ ಅಂದಮೇಲೆ ಓವನ್ ಸರಿಯಾಗಿಯೇ ಇದೆ. ನನಗೆ ಅನುಮಾನ ಕಪ್ಪಿನ ಮೇಲೆ. ಅದನ್ನು ಬೋರಲು ಹಾಕಿ ನೋಡಿ, ತಳದಲ್ಲಿ ಹೊಳಪಿಲ್ಲದ ಒರಟು ಅಂಚು ಇರುತ್ತದೆ. ಒಳಗಡೆ ಕೂದಲೆಳೆಯಂಥ ಬಿರುಕುಗಳು ಕಾಫಿ ಕರೆ ಹಿಡಿದು ಕಂದು ಗೆರೆಗಳಾಗಿರಲೂಬಹುದು. ತೊಳೆದಾಗಲೆಲ್ಲ ಅಲ್ಲಿಂದ ನೀರು ಒಳಗಿನ ಮಣ್ಣಿಗೆ ಇಳಿಯುತ್ತದೆ. ನಿಮ್ಮ ಕಡೆ ಮಳೆಗಾಲದಲ್ಲಿ ಹಗ್ಗದ ಮೇಲಿನ ಬಟ್ಟೆಯೇ ಒಣಗಲ್ಲ, ಇನ್ನು ಕಪ್ಪಿನ ಒಳಗಿನ ನೀರು ಬೇಗ ಒಣಗುತ್ತದಾ!

ಓವನ್‌ನ ಅಲೆ ಸೆಕೆಂಡಿಗೆ ಸುಮಾರು 245 ಕೋಟಿ ಸಲ ಕಂಪಿಸುತ್ತದೆ. ನೀರಿನ ಅಣುವಿಗೆ ಒಂದು ಕಡೆ ಪ್ಲಸ್, ಇನ್ನೊಂದು ಕಡೆ ಮೈನಸ್ ಇರುವುದರಿಂದ ಅಲೆ ಅತ್ತಿತ್ತ ಎಳೆದಂತೆಲ್ಲ ಅದೂ ಹೊರಳಾಡುತ್ತದೆ, ಪಕ್ಕದವುಗಳಿಗೆ ಡಿಕ್ಕಿ ಹೊಡೆಯುತ್ತದೆ, ಬಿಸಿ ಹುಟ್ಟುವುದು ಹಾಗೆ. ಗಾಜನ್ನು ಈ ಅಲೆ ಸುಮ್ನೆ ದಾಟಿ ಹೋಗುತ್ತದೆ, ಲೋಟಕ್ಕೆ ಬಿಸಿ ಬರುವುದು ಕಾಫಿಯಿಂದ. ನಿಮ್ಮ ಕಪ್ ಹಾಗಲ್ಲ, ಕಾಫಿಗೆ ಸೇರಬೇಕಾದ್ದರಲ್ಲಿ ತಾನೂ ಪಾಲು ತಗೊಳ್ಳುತ್ತಿದೆ. ಕೆಲವು ಕಪ್‌ಗಳ ಲೇಪದಲ್ಲಿ ಲೋಹದ ಅಂಶವಿದ್ದರೂ ಹೀಗಾಗುತ್ತದೆ.

ಪರೀಕ್ಷೆ ಸುಲಭ. ಗಾಜಿನ ಲೋಟದಲ್ಲಿ ನೀರು ತುಂಬಿಸಿ, ಪಕ್ಕದಲ್ಲಿ ಖಾಲಿ ಕಪ್ ಇಟ್ಟು ಒಂದು ನಿಮಿಷ ಓಡಿಸಿ. ಕಪ್ ತಣ್ಣಗಿದ್ದರೆ ನನ್ನ ಅನುಮಾನ ತಪ್ಪು. ಬಿಸಿಯಾದರೆ ಅದನ್ನು ಓವನ್‌ಗೆ ಇಡಬೇಡಿ, ಒಳಗಿನ ನೀರು ಆವಿಯಾಗಿ ಒಂದಿನ ಬಿರುಕು ದೊಡ್ಡದಾಗುತ್ತದೆ. ಚಿನ್ನದ ಬಣ್ಣದ ಅಂಚಿನ ಕಪ್ಪನ್ನಂತೂ ಪರೀಕ್ಷೆಗೂ ಇಡಬೇಡಿ, ಆ ತೆಳು ಲೋಹದ ಗೆರೆಯಲ್ಲಿ ಕಿಡಿ ಹಾರುತ್ತದೆ.

ನಾನು ಮೊನ್ನೆ ಫ್ರೀಜರ್‌ನಲ್ಲಿದ್ದ ಕಡುಬು ಬಿಸಿ ಮಾಡಲು ಹೋಗಿ ಬಾಯಿ ಸುಟ್ಟುಕೊಂಡೆ. ಅಂಚು ಕುದಿಯುತ್ತಿತ್ತು, ನಡುವೆ ಕಚ್ಚಿದರೆ ಐಸು. ನೀರೇ ಅಲ್ವಾ ಅಂತೀರಾ? ಮಂಜುಗಡ್ಡೆಯಲ್ಲಿ ಅಣುಗಳು ಒಂದಕ್ಕೊಂದು ಬಿಗಿದುಕೊಂಡಿರುತ್ತವೆ, ಹೊರಳಲು ಜಾಗವಿಲ್ಲ, ಹಾಗಾಗಿ ಮೊದಲು ಕರಗಿದ ಅಂಚೇ ಅಲೆಯನ್ನು ಜಾಸ್ತಿ ಹೀರಿಕೊಳ್ಳುತ್ತದೆ. ಡಿಫ್ರಾಸ್ಟ್ ಬಟನ್ ಒತ್ತಿದರೆ ಓವನ್ ಆಗಾಗ ನಿಂತು ನಿಂತು ಓಡುತ್ತದೆ, ಆ ಬಿಡುವಿನಲ್ಲಿ ಅಂಚಿನ ಬಿಸಿ ನಿಧಾನಕ್ಕೆ ಒಳಗೆ ಇಳಿಯುತ್ತದೆ. ನನಗೆ ಅಷ್ಟು ತಾಳ್ಮೆ ಇರಲಿಲ್ಲ.