ಹೊಸ ಸ್ಪೋರ್ಟ್ಸ್ ಕಾರು 2,500 ಆರ್‌ಪಿಎಂ ಹತ್ತಿರ ತಗಡಿನಂತೆ ಜರ್ರೆನ್ನುತ್ತದೆ, ಇಂಜಿನ್ ಕೆಟ್ಟಿದೆಯೇ?

ಹೆಚ್ಚಾಗಿ ಇಲ್ಲ. ಒಂದೇ ಆರ್‌ಪಿಎಂನಲ್ಲಿ ಬಂದು, ಮೇಲೇರಿಸಿದರೆ ಮಾಯವಾಗುವ ಸದ್ದು ಎಕ್ಸಾಸ್ಟಿನ ಹೀಟ್ ಶೀಲ್ಡ್‌ನದ್ದಿರಬಹುದು (ಹೊಗೆ ಪೈಪಿನ ಬಿಸಿ ತಡೆಯುವ ತಗಡಿನ ಹೊದಿಕೆ). ಮೊದಲು ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಆರ್‌ಪಿಎಂ ನಿಧಾನ ಏರಿಸಿ. ಸದ್ದು ಆಗಲೂ ಬಂದರೆ ಇಂಜಿನ್ ಅಥವಾ ಎಕ್ಸಾಸ್ಟ್ ಕಡೆಯದು. ಓಡುವಾಗ ಮಾತ್ರ ಬಂದರೆ ಟಯರ್, ಸಸ್ಪೆನ್ಷನ್ ನೋಡಿ.

ಪೈಪು ಪೂರ್ತಿ ತಣ್ಣಗಾದ ಮೇಲೆ ಶೀಲ್ಡನ್ನು ಮುಷ್ಟಿಯಿಂದ ಮೆಲ್ಲ ತಟ್ಟಿ. ಅದೇ ಜರ್ರ್ ಕೇಳಿದರೆ ಕಳ್ಳ ಸಿಕ್ಕಿದ. ನೆಲಕ್ಕೆ ತಗ್ಗಿದ ಕಾರು, ಕರಾವಳಿಯ ಹೆದ್ದಾರಿ 66ರ ಕಾಮಗಾರಿಯ ಜಲ್ಲಿ: ಶೀಲ್ಡ್ ಮತ್ತು ಪೈಪಿನ ನಡುವೆ ಒಂದು ಕಲ್ಲು ಸಿಕ್ಕಿಕೊಂಡರೂ ಸಾಕು. ಬೋಲ್ಟಿನ ತೂತು ಅಗಲವಾಗಿದ್ದರೆ ಅಗಲ ವಾಷರ್ ಹಾಕಬೇಕು. ನಮ್ಮ ಉಪ್ಪುಗಾಳಿಗೆ ಸ್ಟೇನ್‌ಲೆಸ್ಸೇ ಆಗಬೇಕು, ಸಾದಾ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಆದರೆ ವಾರಂಟಿ ಇರುವಾಗ ನೀವೇ ಕೈಹಾಕಬೇಡಿ. ಸರ್ವಿಸ್ ಸೆಂಟರಿನ ಜಾಬ್ ಕಾರ್ಡಿನಲ್ಲಿ ಆರ್‌ಪಿಎಂ, ಗೇರು, ಇಂಜಿನ್ ಬಿಸಿಯೋ ತಣ್ಣಗೋ ಎಂದು ಬರೆಸಿ, ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿ ಸದ್ದು ಕೇಳಿಸಿ. ಇಲ್ಲವಾದರೆ ‘ಎಲ್ಲ ನಾರ್ಮಲ್ ಸಾರ್’ ಎಂಬ ಉತ್ತರ ಗ್ಯಾರಂಟಿ.

ಗಾಡಿ ನಿಂತು ಇಂಜಿನ್ ಐಡಲ್‌ನಲ್ಲಿ ಓಡುವಾಗ ಟಿಕ್‌ಟಿಕ್ ಬಂದರೆ ಅದು ಹೆಚ್ಚಾಗಿ ಡೈರೆಕ್ಟ್ ಇಂಜೆಕ್ಷನ್ನಿನ (ಪೆಟ್ರೋಲನ್ನು ನೇರ ಸಿಲಿಂಡರಿಗೆ ಚಿಮ್ಮಿಸುವ ವ್ಯವಸ್ಥೆ) ಪಂಪು, ಇಂಜೆಕ್ಟರುಗಳ ಸಹಜ ಸದ್ದು.

ಹೆದರಬೇಕಾದದ್ದು ಬೇರೆ: ಸಂಪಾಜೆ ಘಾಟಿಯಂಥ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಗೋಲಿ ಚೆಲ್ಲಿದಂತೆ ಕಟಕಟ. ಅದು ನಾಕಿಂಗ್, ಅಂದರೆ ಸಿಲಿಂಡರಿನೊಳಗೆ ಪೆಟ್ರೋಲು ಹದ ತಪ್ಪಿ ಸಿಡಿಯುವುದು. ಮ್ಯಾನ್ಯುವಲ್ 95 ಆಕ್ಟೇನ್ (ಪೆಟ್ರೋಲು ನಾಕಿಂಗ್ ತಡೆಯುವ ಶಕ್ತಿಯ ಅಳತೆ) ಕೇಳಿದರೆ 91 ಹಾಕಬೇಡಿ. ಸರಿಯಾದ ಪೆಟ್ರೋಲಿಗೂ ನಿಲ್ಲದಿದ್ದರೆ ಇಂಜಿನ್ನಿಗೆ ಭಾರ ಕೊಡದೆ ನೇರ ಸರ್ವಿಸ್ ಸೆಂಟರಿಗೆ ಒಯ್ಯಿರಿ.