ಮೂರು ವರ್ಷದ ಜಲಾನಯನ ಕೆಲಸದಿಂದ ಊರು ಸುಧಾರಿಸಿದೆಯೇ, ಅಳೆಯುವುದು ಹೇಗೆ?

ಬದು ಹಾಕಿ ಮಳೆನೀರು, ಮಣ್ಣು ಉಳಿಸುವ ಈ ಜಲಾನಯನ ಕೆಲಸಕ್ಕೆ ಮೊದಲು ಸಮೀಕ್ಷೆ ಮಾಡಿಲ್ಲ, ಈಗ ರೈತರ ಆದಾಯ ಹೆಚ್ಚಿದ್ದನ್ನು ತೋರಿಸುವುದು ಹೇಗೆ ಎಂದು ಕೇಳಿದ್ದೀರಿ. ಎಷ್ಟು ಬದು ಹಾಕಿದಿರಿ, ಎಷ್ಟು ತರಬೇತಿ ಕೊಟ್ಟಿರಿ ಎಂಬುದು ಮಾಡಿದ ಕೆಲಸದ ಲೆಕ್ಕವಷ್ಟೇ, ಪ್ರಗತಿಯಲ್ಲ.

ಕೆಲಸ ನಡೆಯದ, ಅದೇ ಮಣ್ಣು-ಮಳೆಯ ಪಕ್ಕದ ಊರನ್ನೂ ಹೋಲಿಕೆಗಾಗಿ ಈಗಿನ ಸಮೀಕ್ಷೆಗೆ ಸೇರಿಸಿಕೊಳ್ಳಿ. ಇಲ್ಲದಿದ್ದರೆ ಒಳ್ಳೆ ಮಳೆಯ ಫಲವೆಲ್ಲ ನಿಮ್ಮ ಖಾತೆಗೆ ಬರುತ್ತದೆ. ಗ್ರಾಮ ಪಂಚಾಯಿತಿ ಮಟ್ಟದ ಮಳೆ ಅಂಕಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿದೆ.

ಭೂಹೀನರು, ಎರಡೂವರೆ ಎಕರೆಯೊಳಗಿನವರು, ಐದರವರೆಗಿನವರು, ಅದಕ್ಕೂ ಮೇಲಿನವರು ಎಂದು ವಿಂಗಡಿಸಿ, ಪ್ರತಿ ಗುಂಪಿನಿಂದ ಚೀಟಿ ಎತ್ತಿ ಮನೆ ಆರಿಸಿ. ಮುಖಂಡರು ತೋರಿಸಿದ ಮನೆಗಳಿಗೆ ಹೋಗಬೇಡಿ.

"ವರ್ಷಕ್ಕೆ ಆದಾಯ ಎಷ್ಟು?" ಎಂದು ಕೇಳಲೇಬೇಡಿ, ಸಬ್ಸಿಡಿ, ಬಿಪಿಎಲ್ ಕಾರ್ಡು ತಪ್ಪೀತೆಂಬ ಭಯಕ್ಕೆ ಕಡಿಮೆಯೇ ಹೇಳುತ್ತಾರೆ. ಒಂದೊಂದೇ ಹೊಲ ಹಿಡಿದು ಕೇಳಿ: ಎಷ್ಟು ಎಕರೆ-ಗುಂಟೆ, ಯಾವ ಬೆಳೆ, ಎಷ್ಟು ಚೀಲ, ಮನೆಗೆ ಎಷ್ಟು ಉಳಿಸಿಕೊಂಡಿರಿ, ಮಾರಿದ ದರ, ಬೀಜ-ಗೊಬ್ಬರ-ಕೂಲಿ. ರಾಗಿ ಚೀಲವೂ ಶೇಂಗಾ ಚೀಲವೂ ಒಂದೇ ತೂಕವಲ್ಲ, ಒಂದೆರಡು ಚೀಲ ತೂಗಿ ನೋಡಿ. ಮನೆಗಿಟ್ಟ ರಾಗಿ ಬಿಟ್ಟರೆ ಸಣ್ಣ ರೈತನ ಲೆಕ್ಕವೇ ತಪ್ಪುತ್ತದೆ. ಮೇವು, ನೀರಿನ ವಿಷಯ ಹೆಂಗಸರನ್ನೇ ಕೇಳಿ.

ಸರಾಸರಿ ನಂಬಬೇಡಿ: ಅಡಿಕೆ ತೋಟದ ಒಬ್ಬರೇ ಅದನ್ನು ಮೇಲೆತ್ತಿಬಿಡುತ್ತಾರೆ. ಮನೆಗಳನ್ನು ಆದಾಯದ ಕ್ರಮದಲ್ಲಿಟ್ಟು ಮಧ್ಯದ ಮನೆ ನೋಡಿ.

ಮೂರು ವರ್ಷ ಹಿಂದಿನ ಇಳುವರಿ ನೆನಪಿರುವುದಿಲ್ಲ, ಆದರೆ ಹಸು, ಪಂಪು, ಸಾಲ ಎಷ್ಟಿತ್ತು, ಗುಳೆ ಹೋದವರು ಯಾರು ಎಂಬುದು ನೆನಪಿರುತ್ತದೆ; ಅಂದಿನ ಸ್ಥಿತಿ ತಿಳಿಯಲು ಅದನ್ನೇ ಕೇಳಿ. ಇನ್ನು ಮುಂದೆ ಬಾವಿ ನೀರಿನ ಮಟ್ಟವನ್ನು ಮೇ ಮತ್ತು ನವೆಂಬರ್‌ನಲ್ಲಿ, ರಾತ್ರಿಯಿಡೀ ಪಂಪು ನಿಲ್ಲಿಸಿ, ಬೆಳಿಗ್ಗೆ ಅಳೆದು ಬರೆದಿಡಿ.