ಓದುಗರ ಪ್ರಶ್ನೆ: ಒಂದು ಸಹಿಯಿಂದ ಜೀವ ಉಳಿಯಿತೇ?

ಪ್ರಶ್ನೆ: ಸುಗಿಹಾರ ಚಿಯುನೆ ಕುರಿತ 2005ರ ಜಪಾನಿ ಟಿವಿ ನಾಟಕ ನೋಡಿದೆ. ಸೊರಿಮಾಚಿ ತಕಾಶಿ ನಾಯಕ. ರಾಯಭಾರಿ ಸಹಿ ಹಾಕುತ್ತಾರೆ, ಯಹೂದಿ ನಿರಾಶ್ರಿತರು ರೈಲು ಹತ್ತುತ್ತಾರೆ. ಅಷ್ಟೇ ಸಾಕಾಗಿತ್ತೇ? ನಡುವೆ ಕುರಾಸೋ ದ್ವೀಪ ಯಾಕೆ ಬಂತು? (ಶಿವಮೊಗ್ಗ)

ಉತ್ತರ: ಸಾಕಾಗಿರಲಿಲ್ಲ. ಮೊದಲಿಗೆ, ಸುಗಿಹಾರ ರಾಯಭಾರಿಯಲ್ಲ, ಲಿಥುವೇನಿಯಾದ ಕೌನಾಸ್‌ನಲ್ಲಿದ್ದ ಜಪಾನಿನ ಉಪಕಾನ್ಸುಲ್. ಅವರು ಕೊಟ್ಟದ್ದು ಜಪಾನಿನಲ್ಲಿ ನೆಲೆಸುವ ಪರವಾನಗಿಯಲ್ಲ, ಜಪಾನ್ ದಾಟಿಹೋಗುವ ಟ್ರಾನ್ಸಿಟ್ ವೀಸಾ. ದಾಟಿ ಎಲ್ಲಿಗೆ ಹೋಗುತ್ತೀರಿ ಎಂಬುದಕ್ಕೆ ಪುರಾವೆ ಬೇಕು, ಖರ್ಚಿಗೆ ಕೈಯಲ್ಲಿ ಹಣವೂ ಬೇಕು. ಟೋಕಿಯೊದ ನಿಯಮ ಅದು.

ಆ ಪುರಾವೆ ಒದಗಿಸಿದವರು ಯಾನ್ ಜ್ವಾರ್ಟೆಂಡೈಕ್. ಫಿಲಿಪ್ಸ್ ಕಂಪನಿಯ ಕೌನಾಸ್ ಮುಖ್ಯಸ್ಥ, ಜೊತೆಗೆ ಡಚ್ ಸರ್ಕಾರದ ಗೌರವ ಕಾನ್ಸುಲ್. ಸುರಿನಾಮ್, ಕುರಾಸೋ ಮತ್ತಿತರ ಡಚ್ ವಸಾಹತುಗಳಿಗೆ ಹೋಗಲು ವೀಸಾ ಬೇಕಿಲ್ಲ ಎಂದು ಅವರು ಪಾಸ್‌ಪೋರ್ಟಿನಲ್ಲಿ ಬರೆದುಕೊಟ್ಟರು. ಅಲ್ಲಿ ಇಳಿಯಲು ಗವರ್ನರ್ ಅನುಮತಿ ಬೇಕೆಂಬ ಮಾತನ್ನು ಬೇಕೆಂದೇ ಬಿಟ್ಟರು. ಆ ಬಿಟ್ಟ ಅರ್ಧ ವಾಕ್ಯದ ಮೇಲೆ ಮುಂದಿನದೆಲ್ಲ ನಿಂತಿತು. 1940ರ ಜುಲೈ 24ರಿಂದ ಆಗಸ್ಟ್ 3ರವರೆಗೆ, ಹನ್ನೊಂದೇ ದಿನದಲ್ಲಿ, ಎರಡು ಸಾವಿರಕ್ಕೂ ಹೆಚ್ಚು ಮಂದಿಗೆ ಹೀಗೆ ಬರೆದುಕೊಟ್ಟರು. ನಾಟಕದ ಕಣ್ಣು ಸುಗಿಹಾರರ ಮೇಲಿರುವುದು ಸಹಜ, ಆದರೆ ಇವರಿಲ್ಲದೆ ಆ ವೀಸಾಕ್ಕೆ ತಳಪಾಯವೇ ಇರುತ್ತಿರಲಿಲ್ಲ.

ಡಚ್ ಬರಹ, ಅದರ ಮೇಲೆ ಜಪಾನಿ ವೀಸಾ, ಆಮೇಲೆ ಸೋವಿಯತ್ ಅನುಮತಿ. ಕೊನೆಗೆ ಸೋವಿಯತ್ ಸರ್ಕಾರಿ ಪ್ರವಾಸ ಸಂಸ್ಥೆ ಇಂಟೂರಿಸ್ಟ್‌ನ ಕಚೇರಿಯಲ್ಲಿ ಟ್ರಾನ್ಸ್-ಸೈಬೀರಿಯನ್ ರೈಲಿನ ಟಿಕೆಟ್. ಬಹಳ ಜನ ಎಡವಿದ್ದು ಈ ಕೊನೆಯದರಲ್ಲೇ. ಹಣವನ್ನು ಡಾಲರಿನಲ್ಲಿ ಕೊಡಬೇಕು, ಸೋವಿಯತ್ ಆಡಳಿತದಡಿ ಡಾಲರ್ ಇಟ್ಟುಕೊಳ್ಳುವುದೇ ಅಪರಾಧ. ಪಶ್ಚಿಮದ ದಾರಿಯೋ, ಹಾಲೆಂಡ್ ಮತ್ತು ಫ್ರಾನ್ಸ್ ಬಿದ್ದ ಮೇಲೆ ಮುಚ್ಚಿಹೋಗಿತ್ತು. ಹೀಗಾಗಿ ವ್ಲಾಡಿವೊಸ್ತೋಕ್‌ವರೆಗೆ ರೈಲು, ಅಲ್ಲಿಂದ ಹಡಗಿನಲ್ಲಿ ತ್ಸುರುಗ ಬಂದರು, ಮುಂದೆ ಕೋಬೆ. ಜಪಾನಿನಲ್ಲಿ ಇರಲು ಕೊಟ್ಟ ಅವಧಿ ಕೆಲವೇ ದಿನ. ಅದನ್ನು ವಿಸ್ತರಿಸಿಕೊಡಲು ಹೀಬ್ರೂ ವಿದ್ವಾಂಸ ಕೊತ್ಸುಜಿ ಸೆತ್ಸುಜೊ ಅಧಿಕಾರಿಗಳ ಬಾಗಿಲು ತಟ್ಟಿದರು. ಬೇರೆ ದೇಶದ ವೀಸಾ ಸಿಗದವರನ್ನು 1941ರಲ್ಲಿ ಶಾಂಘೈಗೆ ಕಳಿಸಲಾಯಿತು.

ಪ್ರಶ್ನೆ: ಕೈಯಿಂದಲೇ ಬರೆದರೇ? ಒಂದು ವೀಸಾದಲ್ಲಿ ಏನಿರುತ್ತಿತ್ತು? (ಮೈಸೂರು)

ಉತ್ತರ: ಹೌದು, ಮೊದಮೊದಲು ಕೈಬರಹವೇ. ಉಳಿದಿರುವ ಪಾಸ್‌ಪೋರ್ಟುಗಳಲ್ಲಿ ಶಾಯಿಯಲ್ಲಿ ಮೇಲಿನಿಂದ ಕೆಳಕ್ಕೆ ಬರೆದ ಜಪಾನಿ ಸಾಲುಗಳಿವೆ: ಯಾರು, ಎಲ್ಲಿಗೆ, ಯಾವ ದಿನ. ಪಕ್ಕದಲ್ಲಿ ಕಚೇರಿಯ ಮೊಹರು. ದಿನವಿಡೀ ಬರೆದು ಕೈ ಸೋತಾಗ ಪತ್ನಿ ಯುಕಿಕೊ ತಿಕ್ಕಿಕೊಡುತ್ತಿದ್ದರು ಎಂಬುದು ಆಕೆಯದೇ ನೆನಪು. ಕೆಲಸ ಚುರುಕಾಗಲು ಬರವಣಿಗೆಯ ಬಹುಪಾಲನ್ನು ರಬ್ಬರ್ ಮುದ್ರೆಗೆ ಇಳಿಸಿದರು. ಮೀರ್ ಯೆಶಿವಾ ಎಂಬ ಯಹೂದಿ ಧರ್ಮಶಾಲೆಯ ವಿದ್ಯಾರ್ಥಿ ಮೋಶೆ ಜುಪ್ನಿಕ್ ಕಚೇರಿಯೊಳಗೇ ಕುಳಿತು ಮುದ್ರೆ ಒತ್ತಲು ನೆರವಾದರು.

ಆಗಸ್ಟ್ 3ರಂದು ಲಿಥುವೇನಿಯಾ ಸೋವಿಯತ್ ಒಕ್ಕೂಟಕ್ಕೆ ಸೇರಿತು, ಕಾನ್ಸುಲೇಟುಗಳನ್ನು ಮುಚ್ಚಲು ಆದೇಶ ಬಂತು. ಹಣವೂ ಗುರಿಯೂ ಇಲ್ಲದವರು ಜಪಾನಿಗೆ ಬಂದಿಳಿಯುತ್ತಿದ್ದಾರೆ, ಎಚ್ಚರವಿರಲಿ ಎಂದು ಅದೇ ತಿಂಗಳು ಟೋಕಿಯೊದಿಂದ ತಂತಿ ಬಂತು. ಅದಾದ ಮೇಲೂ ವೀಸಾ ಕೊಡುವುದು ನಿಲ್ಲಲಿಲ್ಲ. ಆ ಕಾಲದ ಜಪಾನಿ ಅಧಿಕಾರಿಗೆ ಮೇಲಿನವರ ಮಾತು ಎಷ್ಟು ದೊಡ್ಡದೆಂದು ಬಲ್ಲವರಿಗೆ ಇದರ ತೂಕ ತಿಳಿಯುತ್ತದೆ.

ಪ್ರಶ್ನೆ: ನಾಟಕದ ಹೆಸರಿನಲ್ಲಿ ಆರು ಸಾವಿರ ಜೀವ ಎಂದಿದೆ. ಬೇರೆಡೆ ಎರಡು ಸಾವಿರ ಎಂದು ಓದಿದೆ. ಯಾವುದು ಸರಿ? (ಧಾರವಾಡ)

ಉತ್ತರ: ಎರಡೂ ಬೇರೆ ಬೇರೆ ಲೆಕ್ಕ. ಸುಗಿಹಾರ ಟೋಕಿಯೊಗೆ ಒಪ್ಪಿಸಿದ ಪಟ್ಟಿಯಲ್ಲಿರುವ ಹೆಸರುಗಳು ಸುಮಾರು 2,140. ಒಂದು ವೀಸಾದಲ್ಲಿ ಹೆಂಡತಿ ಮಕ್ಕಳೂ ಸೇರಬಹುದಾದ್ದರಿಂದ ಅಂದಾಜು ಆರು ಸಾವಿರಕ್ಕೆ ಏರಿತು. ಆದರೆ ವೀಸಾ ಸಿಕ್ಕವರೆಲ್ಲ ಹೊರಡಲಾಗಲಿಲ್ಲ. 1941ರ ಜೂನ್‌ನಲ್ಲಿ ಜರ್ಮನ್ ಸೇನೆ ಬಂದಾಗ ಅಲ್ಲೇ ಉಳಿದಿದ್ದವರಲ್ಲಿ ಹೆಚ್ಚಿನವರು ಹತರಾದರು. ಹಾಗಾಗಿ "ಆರು ಸಾವಿರ ಮಂದಿ ಪಾರಾದರು" ಎಂದು ಖಚಿತವಾಗಿ ಬರೆಯಬೇಡಿ. ಪಟ್ಟಿಯ ಸಂಖ್ಯೆಯನ್ನೇ ಕೊಡಿ.

ಪ್ರಶ್ನೆ: ಈ ಕಾರಣಕ್ಕೇ ಅವರನ್ನು ಕೆಲಸದಿಂದ ತೆಗೆದರೇ? (ಬೆಂಗಳೂರು)

ಉತ್ತರ: ತಕ್ಷಣವಂತೂ ಅಲ್ಲ. ಆಮೇಲೂ ಪ್ರಾಗ್, ಕ್ಯೋನಿಗ್ಸ್‌ಬರ್ಗ್, ಬುಖಾರೆಸ್ಟ್‌ಗಳಲ್ಲಿ ಕೆಲಸ ಮಾಡಿದರು. ಯುದ್ಧ ಮುಗಿದಾಗ ಸೋವಿಯತ್ ಸೆರೆ. 1947ರಲ್ಲಿ ಊರಿಗೆ ಮರಳಿದ ಮೇಲೆ ವಿದೇಶಾಂಗ ಸಚಿವಾಲಯ ರಾಜೀನಾಮೆ ಪಡೆಯಿತು. ಸಿಬ್ಬಂದಿ ಕಡಿತ ಎಂಬುದು ಸರ್ಕಾರದ ಕಾರಣ, ಕೌನಾಸ್‌ನ ವೀಸಾಗಳೇ ಕಾರಣವೆಂದು ಕುಟುಂಬ ನಂಬಿತು.

ಬದುಕುಳಿದವರಿಗೆ ಅವರು ಬೇಗ ಸಿಗಲಿಲ್ಲ. ಚಿಯುನೆ ಎಂದು ಉಚ್ಚರಿಸುವುದು ಕಷ್ಟವೆಂದು ಅದೇ ಅಕ್ಷರಗಳ ಇನ್ನೊಂದು ಓದಾದ "ಸೆಂಪೊ" ಎಂದೇ ನಿರಾಶ್ರಿತರಿಗೆ ಪರಿಚಯವಾಗಿದ್ದರು. ಆ ಹೆಸರಿನಲ್ಲಿ ಹುಡುಕಿದವರಿಗೆ ಜಪಾನಿನಲ್ಲಿ ಸುಳಿವು ಸಿಗಲಿಲ್ಲ. ಟೋಕಿಯೊದ ಇಸ್ರೇಲಿ ರಾಯಭಾರ ಕಚೇರಿಯಲ್ಲಿದ್ದ ಯೆಹೋಶುವಾ ನಿಶ್ರಿ, ಕೌನಾಸ್‌ನಲ್ಲಿ ವೀಸಾ ಪಡೆದವರಲ್ಲೊಬ್ಬರು, ಅವರನ್ನು ಪತ್ತೆಮಾಡಿದ್ದು 1968ರಲ್ಲಿ.